ಯಂತ್ರ ಹಾರಿಸುವಾಗ ಕಾಯುವ ಕೆಲಸ

2009ರ ಫೆಬ್ರುವರಿಯಲ್ಲಿ ಹದಿಮೂರು ದಿನಗಳ ಅಂತರದಲ್ಲಿ ಎರಡು ಪ್ರಯಾಣಿಕ ವಿಮಾನಗಳು ರನ್‌ವೇ ಮುಟ್ಟುವ ಮೊದಲೇ ಬಿದ್ದವು. 12ರ ರಾತ್ರಿ ಅಮೆರಿಕದ ಬಫಲೋ ಸಮೀಪ ಕೋಲ್ಗನ್ ಏರ್‌ನ 3407ನೇ ಫ್ಲೈಟ್. 25ರ ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದ ಪಕ್ಕದ ಹೊಲದಲ್ಲಿ ಟರ್ಕಿಶ್ ಏರ್‌ಲೈನ್ಸ್‌ನ 1951. ಒಂದು ಪ್ರೊಪೆಲ್ಲರ್ ವಿಮಾನ, ಇನ್ನೊಂದು ಬೋಯಿಂಗ್ 737. ಆದರೆ ಕೊನೆಯ ಕೆಲವು ನಿಮಿಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡರದ್ದೂ ಒಂದೇ ಕಥೆ. ಆಟೋಪೈಲಟ್ ಚಾಲೂ ಇದೆ, ವೇಗ ಇಳಿಯುತ್ತಿದೆ, ಆ ವೇಗದ ಅಂಕಿ ಪೈಲಟ್‌ಗಳ ಕಣ್ಣೆದುರಿಗೇ ಇದೆ, ಯಾರೂ ಗಮನಿಸುತ್ತಿಲ್ಲ.

ಅಪಘಾತ ತನಿಖಾ ವರದಿಗಳನ್ನು ಓದುವುದು ನನಗೆ ಹಳೆಯ ಚಟ. ಈ ಬಗೆಯ ವರದಿಗಳ ಕೊನೆಗೆ ಒಂದು ಸಾಲು ಬಂದೇ ಬರುತ್ತದೆ: ಸಿಬ್ಬಂದಿ ಉಪಕರಣಗಳ ಮೇಲೆ ನಿಗಾ ಇಡಲಿಲ್ಲ. ಓದಿದಾಗಲೆಲ್ಲ ಒಂದು ಕಿರಿಕಿರಿ. ನಿಗಾ ಇಡಲಿಲ್ಲ ಅನ್ನುವುದು ನಡೆದದ್ದರ ಹೆಸರಾಯಿತು, ಕಾರಣ ಆಗಲಿಲ್ಲ. ಸಾವಿರಾರು ಗಂಟೆ ಹಾರಿದವರು, ತಮ್ಮ ಜೀವವೂ ಅದೇ ವಿಮಾನದಲ್ಲಿರುವವರು, ಎದುರಿಗಿರುವ ಅಂಕಿಯನ್ನು ಯಾಕೆ ನೋಡುವುದಿಲ್ಲ? ಸೋಮಾರಿತನ ಅಂತ ಹೇಳಿ ಮುಗಿಸಿಬಿಡುವುದು ಸುಲಭ. ವರದಿಗಳನ್ನು ಓದುತ್ತ ಹೋದಂತೆ ಆ ಉತ್ತರ ನನಗೆ ಒಗ್ಗದಾಯಿತು.

ಮೊದಲು ಕೆಲಸ ಏನೆಂದು ನೋಡೋಣ. ಕಿಟಕಿಯಾಚೆ ಬರೀ ಬಿಳಿ ಮೋಡ ಅಥವಾ ಕತ್ತಲೆ ಇರುವಾಗ ಉಪಕರಣಗಳನ್ನಷ್ಟೇ ನಂಬಿ ರನ್‌ವೇವರೆಗೆ ಇಳಿದು ಬರುವುದೇ ಇನ್‌ಸ್ಟ್ರುಮೆಂಟ್ ಅಪ್ರೋಚ್. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಐಎಲ್‌ಎಸ್‌ನಲ್ಲಿ (ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್) ಎರಡು ರೇಡಿಯೋ ಸಂಕೇತಗಳಿರುತ್ತವೆ. ಲೋಕಲೈಸರ್ ಎಡ-ಬಲ ಹೇಳುತ್ತದೆ, ಗ್ಲೈಡ್ ಸ್ಲೋಪ್ ಮೇಲೆ-ಕೆಳಗೆ ಹೇಳುತ್ತದೆ. ಇಳಿಜಾರು ಸಾಮಾನ್ಯವಾಗಿ ಮೂರು ಡಿಗ್ರಿ, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿಯ ಇಳಿತ. 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲಿ) ವೇಗದಲ್ಲಿ ಬರುವ ವಿಮಾನ ನಿಮಿಷಕ್ಕೆ 700 ಅಡಿಗಿಂತ ತುಸು ಹೆಚ್ಚು ಇಳಿಯುತ್ತದೆ. 2000 ಅಡಿಯಿಂದ ನೆಲಕ್ಕೆ ಮೂರು ನಿಮಿಷವೂ ಇಲ್ಲ. ಸಾಧಾರಣ ದರ್ಜೆಯ ಐಎಲ್‌ಎಸ್ ಆದರೆ ನೆಲದಿಂದ 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ದೀಪಗಳೋ ರನ್‌ವೇಯೋ ಕಾಣಬೇಕು, ಇಲ್ಲವಾದರೆ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು.

ಆಟೋಪೈಲಟ್ ಈ ಎರಡು ಸಂಕೇತಗಳನ್ನು ಹಿಡಿದು ಮನುಷ್ಯನ ಕೈಗಿಂತ ನಯವಾಗಿ ಇಳಿಸುತ್ತದೆ. ಹಾಗಾಗಿ ಪೈಲಟ್‌ಗಳಿಗೆ ಉಳಿಯುವುದು ರೆಕ್ಕೆಯ ಫ್ಲ್ಯಾಪ್, ಲ್ಯಾಂಡಿಂಗ್ ಗೇರ್ (ಚಕ್ರಗಳು), ಚೆಕ್‌ಲಿಸ್ಟ್, ರೇಡಿಯೋ ಮಾತು. ಜತೆಗೆ ಯಂತ್ರವನ್ನು ಕಾಯುವುದು. ಮೊದಲಿನ ನಾಲ್ಕಕ್ಕೂ ಆರಂಭವಿದೆ, ಅಂತ್ಯವಿದೆ, ಮುಗಿದರೆ ಮುಗಿದಂತೆ ಗೊತ್ತಾಗುತ್ತದೆ. ಕಾಯುವುದಕ್ಕೆ ಅದ್ಯಾವುದೂ ಇಲ್ಲ. ಕೆಲಸ ಜಾಸ್ತಿಯಾದಾಗ ಮನಸ್ಸು ಮೊದಲು ಕೈಬಿಡುವುದು ಇದನ್ನೇ. ಬಿಟ್ಟದ್ದು ಅದಕ್ಕೇ ತಿಳಿಯುವುದಿಲ್ಲ.

ಬಫಲೋದಲ್ಲಿ ನಡೆದದ್ದನ್ನು ಬೇಗ ಹೇಳಬಹುದು. ಆ ಕ್ಯೂ400 ವಿಮಾನದಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಇರಲಿಲ್ಲ. ಆಟೋಪೈಲಟ್ ಎತ್ತರ ಹಿಡಿದುಕೊಳ್ಳುತ್ತದೆ, ಎಂಜಿನ್ ಶಕ್ತಿ ಪೈಲಟ್‌ನ ಕೈಯಲ್ಲಿ. ವೇಗ ತಗ್ಗಿಸಲು ಕ್ಯಾಪ್ಟನ್ ಶಕ್ತಿ ಇಳಿಸಿದರು, ಗೇರ್ ಕೆಳಗಿಳಿಯಿತು, ಗಾಳಿಯ ತಡೆ ಹೆಚ್ಚಿತು. 2300 ಅಡಿ ಬಿಟ್ಟುಕೊಡಬೇಡ ಎಂದು ಆಟೋಪೈಲಟ್‌ಗೆ ಹೇಳಿದ್ದರಿಂದ ಅದು ಮೂತಿಯನ್ನು ಎತ್ತುತ್ತಲೇ ಹೋಯಿತು, ಶಕ್ತಿಯನ್ನು ಮತ್ತೆ ಏರಿಸುವವರು ಯಾರೂ ಇರಲಿಲ್ಲ. ವೇಗ ಅಪಾಯದ ಮಟ್ಟಕ್ಕೆ ಇಳಿದಾಗ ಪೈಲಟ್‌ನನ್ನು ಎಚ್ಚರಿಸುವ ಸ್ಟಿಕ್ ಶೇಕರ್ ನಡುಗಿದಾಗ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಬೆಚ್ಚಿಬಿದ್ದ ಕ್ಯಾಪ್ಟನ್ ಮೂತಿ ಇಳಿಸಲು ಮುಂದಕ್ಕೆ ಒತ್ತಬೇಕಾದ ಕಂಟ್ರೋಲ್ ಕಾಲಂ ಅನ್ನು ಹಿಂದಕ್ಕೆ ಎಳೆದರು. ವಿಮಾನದಲ್ಲಿದ್ದ 49 ಮಂದಿ ಮತ್ತು ನೆಲದ ಮೇಲಿದ್ದ ಒಬ್ಬರು ಸತ್ತರು.

ಆಮ್‌ಸ್ಟರ್‌ಡ್ಯಾಮ್‌ನದು ಇನ್ನೂ ಜಟಿಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಕಲಿಸುವ ಅಪಘಾತ ಇನ್ನೊಂದಿಲ್ಲ. 737ರಲ್ಲಿ ಎರಡು ರೇಡಿಯೋ ಆಲ್ಟಿಮೀಟರ್‌ಗಳಿರುತ್ತವೆ. ನೆಲಕ್ಕೂ ವಿಮಾನಕ್ಕೂ ನಡುವಿನ ಎತ್ತರವನ್ನು ಅಳೆಯುವುದು ಅವುಗಳ ಕೆಲಸ. ಎಡಗಡೆಯದು ಕೆಟ್ಟು, ವಿಮಾನ ಇನ್ನೂ ಸಾವಿರಾರು ಅಡಿ ಮೇಲಿರುವಾಗಲೇ ಮೈನಸ್ 8 ಅಡಿ ಎಂದು ತೋರಿಸತೊಡಗಿತು. ಬಲಗಡೆಯದು ಸರಿಯಿತ್ತು, ಚಾಲೂ ಇದ್ದ ಆಟೋಪೈಲಟ್ ಆ ಬಲಗಡೆಯದನ್ನೇ ನಂಬಿತ್ತು. ಆದರೆ ಆಟೋಥ್ರಾಟಲ್ ನೋಡುವುದು ಎಡಗಡೆಯದನ್ನು. ಅದರ ಲೆಕ್ಕದಲ್ಲಿ ವಿಮಾನ ಆಗಲೇ ನೆಲ ಮುಟ್ಟುತ್ತಿದೆ, ಹಾಗಾಗಿ ಇಳಿಯುವ ಕ್ಷಣದಲ್ಲಿ ಮಾಡಬೇಕಾದಂತೆ ಎಂಜಿನ್‌ಗಳನ್ನು ಪೂರ್ತಿ ತಗ್ಗಿಸಿತು. ಒಂದೇ ವಿಮಾನದ ಎರಡು ಯಂತ್ರಗಳು ಎರಡು ಬೇರೆ ಲೋಕಗಳಲ್ಲಿದ್ದವು. ಒಂದು ಗ್ಲೈಡ್ ಸ್ಲೋಪ್ ಹಿಡಿದುಕೊಳ್ಳಲು ಮೂತಿ ಎತ್ತುತ್ತಿದೆ, ಇನ್ನೊಂದು ಶಕ್ತಿ ಕೊಡುವುದನ್ನೇ ನಿಲ್ಲಿಸಿದೆ.

ಇಷ್ಟಾದರೂ ಗೊತ್ತಾಗಬೇಕಿತ್ತು. ಎಂಜಿನ್ ಶಕ್ತಿಯ ಥ್ರಸ್ಟ್ ಲಿವರ್‌ಗಳು ಹಿಂದಕ್ಕೆ ಸರಿದಿದ್ದವು, ಪರದೆಯ ಮೇಲ್ತುದಿಯಲ್ಲಿ ‘ರಿಟಾರ್ಡ್’ (ಶಕ್ತಿ ತಗ್ಗಿಸುವ ಮೋಡ್) ಎಂದು ಬರೆದಿತ್ತು. ಗೊತ್ತಾಗದೇ ಹೋಗಲು ಒಂದು ಕುತಂತ್ರದಂಥ ಕಾಕತಾಳೀಯವಿತ್ತು. ವಿಮಾನವನ್ನು ರನ್‌ವೇಗೆ ತುಸು ಹತ್ತಿರದಲ್ಲೇ ಲೋಕಲೈಸರ್‌ಗೆ ತಿರುಗಿಸಿದ್ದರಿಂದ ಅದು ಗ್ಲೈಡ್ ಸ್ಲೋಪ್‌ಗಿಂತ ಮೇಲಿತ್ತು. ಮೇಲಿನಿಂದ ಇಳಿದು ಅದನ್ನು ಹಿಡಿಯಬೇಕೆಂದರೆ ಎಂಜಿನ್ ತಗ್ಗಿಸಲೇಬೇಕು. ಅಂದರೆ ಆ ಹೊತ್ತಿಗೆ ಕಾಣುತ್ತಿದ್ದ ಕಡಿಮೆ ಶಕ್ತಿ ಸಹಜವಾದದ್ದೇ ಆಗಿತ್ತು. ತಪ್ಪು ಕಾರಣಕ್ಕೆ ಸರಿಯಾದದ್ದು ನಡೆಯುತ್ತಿತ್ತು. ಗ್ಲೈಡ್ ಸ್ಲೋಪ್ ಸಿಕ್ಕಿದ ಮೇಲೆ ಶಕ್ತಿ ಮತ್ತೆ ಏರಬೇಕಿತ್ತು, ಏರಲಿಲ್ಲ. ಅಷ್ಟರಲ್ಲಿ ಸಿಬ್ಬಂದಿ ಲ್ಯಾಂಡಿಂಗ್ ಚೆಕ್‌ಲಿಸ್ಟ್‌ನಲ್ಲಿದ್ದರು. ಕಾಕ್‌ಪಿಟ್‌ನಲ್ಲಿ ಇದ್ದವರು ಮೂವರು: ತರಬೇತಿ ಕೊಡುತ್ತಿದ್ದ ಕ್ಯಾಪ್ಟನ್, ಹಾರಿಸುತ್ತಿದ್ದ ಹೊಸ ಫಸ್ಟ್ ಆಫೀಸರ್ (ಸಹ ಪೈಲಟ್), ಅವರಿಬ್ಬರನ್ನೂ ಕಾಯಲೆಂದೇ ಹಿಂದಿನ ಸೀಟಿನಲ್ಲಿ ಕೂತಿದ್ದ ಮೂರನೆಯ ಪೈಲಟ್. ಸುಮಾರು 460 ಅಡಿಯಲ್ಲಿ ಸ್ಟಿಕ್ ಶೇಕರ್ ಬಡಿದಾಗ ಫಸ್ಟ್ ಆಫೀಸರ್ ಲಿವರ್‌ಗಳನ್ನು ಮುಂದಕ್ಕೆ ತಳ್ಳಿದರು. ಕ್ಯಾಪ್ಟನ್ ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡಾಗ ಫಸ್ಟ್ ಆಫೀಸರ್ ಕೈ ಸಡಿಲವಾಯಿತು, ಇನ್ನೂ ಚಾಲೂ ಇದ್ದ ಆಟೋಥ್ರಾಟಲ್ ಲಿವರ್‌ಗಳನ್ನು ಮತ್ತೆ ಹಿಂದಕ್ಕೆಳೆಯಿತು. 135 ಜನರಲ್ಲಿ 9 ಮಂದಿ ಸತ್ತರು, ಅವರಲ್ಲಿ ಮೂವರು ಪೈಲಟ್‌ಗಳೂ ಇದ್ದರು.

ಮೂರು ಜೋಡಿ ಕಣ್ಣು ಸಾಕಾಗಲಿಲ್ಲ ಎಂಬುದೇ ನನಗೆ ಇಲ್ಲಿ ಮುಖ್ಯ. ಕಾಯುವವರ ಸಂಖ್ಯೆ ಹೆಚ್ಚಿಸಿದರೆ ಕಾವಲು ಹೆಚ್ಚುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೂ ಇಂಥದ್ದೇ ತಲೆನೋವು ಬಂದಿತ್ತು. ಜಲಾಂತರ್ಗಾಮಿ ಹುಡುಕುವ ರೇಡಾರ್ ಪರದೆಯ ಮುಂದೆ ಕೂತವರು ಸ್ವಲ್ಪ ಹೊತ್ತಿನ ಮೇಲೆ ಕಾಣುವುದನ್ನೂ ಬಿಟ್ಟುಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಅದನ್ನು ಪರೀಕ್ಷಿಸಲು ಒಂದು ಗಡಿಯಾರ ಮಾಡಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅರ್ಧ ಗಂಟೆಯೊಳಗೇ ಜನ ಮುಳ್ಳು ಹಾರಿದ್ದನ್ನು ಗಮನಿಸದೇ ಹೋಗುವುದು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಮೇಲ್ವಿಚಾರಣೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟೋಪೈಲಟ್ ಆ ಗಡಿಯಾರಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ತಪ್ಪುವುದೇ ಇಲ್ಲ ಎನ್ನುವಷ್ಟು ಅಪರೂಪಕ್ಕೆ ತಪ್ಪುತ್ತದೆ. ಪ್ರತಿ ಸಲ ನೋಡಿದಾಗಲೂ ಎಲ್ಲ ಸರಿಯಿದ್ದರೆ, ನೋಡುವುದರಿಂದ ಲಾಭವಿಲ್ಲವೆಂದು ಮನಸ್ಸು ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪೇನಲ್ಲ, ಒಂದು ದಿನದ ಮಟ್ಟಿಗೆ ಮಾತ್ರ ತಪ್ಪು.

ಇದರ ಮೇಲೆ ಗಮನ ಸೆಳೆಯುವ ಸಂಗತಿ ಬೇರೆ ಬಂದು ಕೂರುತ್ತದೆ. ಗಮನ ತಪ್ಪುವುದು ಎಂದರೆ ಹರಟೆ, ನಗು, ಬೇಜವಾಬ್ದಾರಿ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಅದಕ್ಕೂ ಆಧಾರವಿದೆ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲಟ್‌ನಲ್ಲಿ ಮಂಜಿನ ನಡುವೆ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-9 ನೆಲಕ್ಕಪ್ಪಳಿಸಿ 82 ಜನರಲ್ಲಿ 72 ಮಂದಿ ಸತ್ತರು. ಪೈಲಟ್‌ಗಳು ರಾಜಕೀಯ, ಹಳೆಯ ಕಾರುಗಳು ಅಂತ ಮಾತಾಡುತ್ತಿದ್ದರು. ಇಂಥ ಪ್ರಕರಣಗಳಿಂದ ಅಲ್ಲಿ 1981ರಲ್ಲಿ ಒಂದು ನಿಯಮ ಬಂತು: 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧಿಸದ ಮಾತು, ಕೆಲಸ ಯಾವುದೂ ಕೂಡದು. ಒಳ್ಳೆಯ ನಿಯಮವೇ. ಬಫಲೋದ ಪೈಲಟ್‌ಗಳು ಅದನ್ನು ಮುರಿದಿದ್ದರು ಕೂಡ.

ಆದರೆ ಇದೇ ಕಂಪನಿಯ ಇನ್ನೊಂದು ವಿಮಾನ ಅದಕ್ಕೂ ಸುಮಾರು ಎರಡು ವರ್ಷ ಮೊದಲು, 1972ರ ಡಿಸೆಂಬರ್ 29ರ ರಾತ್ರಿ, ಮಯಾಮಿ ಹತ್ತಿರದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತಲ್ಲ, ಅಲ್ಲಿ ಯಾರೂ ಹರಟುತ್ತಿರಲಿಲ್ಲ. ಮೂತಿಯ ಗೇರ್ ಇಳಿದಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಇಳಿಯುವುದನ್ನು ಕೈಬಿಟ್ಟು 2000 ಅಡಿಯಲ್ಲಿ ಆಟೋಪೈಲಟ್ ಹಾಕಿ ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಅದರ ಕವಚ ಬಿಚ್ಚುವುದರಲ್ಲಿ, ಫ್ಲೈಟ್ ಎಂಜಿನಿಯರ್ ಗೇರನ್ನು ಕಣ್ಣಾರೆ ನೋಡಲು ಕಾಕ್‌ಪಿಟ್‌ನ ಕೆಳಗಿನ ಗೂಡಿನಲ್ಲಿ. ಯಾರದೋ ಮೈ ತಾಗಿ ಕಾಲಂ ಒತ್ತಿ ಎತ್ತರ ಹಿಡಿಯುವ ಮೋಡ್ ಬಿಟ್ಟುಹೋಗಿರಬೇಕು ಎಂಬುದು ತನಿಖೆ ಕಂಡುಕೊಂಡ ಕಾರಣ. ವಿಮಾನ ಗೊತ್ತೇ ಆಗದಷ್ಟು ಮೆಲ್ಲಗೆ ಇಳಿಯತೊಡಗಿತು. ಎತ್ತರ 250 ಅಡಿ ತಪ್ಪಿದಾಗ ಎಚ್ಚರಿಕೆಯ ಗಂಟೆ ಮೊಳಗಿತು, ಯಾರಿಗೂ ಕೇಳಿಸಲಿಲ್ಲ. ರೇಡಾರ್‌ನಲ್ಲಿ 900 ಅಡಿ ಕಂಡ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೂಡ ಕೇಳಿದ್ದು ಅಲ್ಲಿ ಹೇಗೆ ನಡೆದಿದೆ ಎಂದಷ್ಟೇ, ಎತ್ತರದ ಮಾತು ಬರಲಿಲ್ಲ. 101 ಜನ ಸತ್ತರು. ಸುಟ್ಟದ್ದು ಬಲ್ಬು, ಗೇರ್ ಸರಿಯಾಗಿಯೇ ಇಳಿದಿತ್ತು.

ಷಾರ್ಲಟ್‌ನ ನಿಯಮ ಮಯಾಮಿಯ ವಿಮಾನವನ್ನು ಉಳಿಸುತ್ತಿರಲಿಲ್ಲ. ಆ ಸಿಬ್ಬಂದಿ ಮಾಡುತ್ತಿದ್ದುದೆಲ್ಲ ಹಾರಾಟದ ಕೆಲಸವೇ. ಆಮ್‌ಸ್ಟರ್‌ಡ್ಯಾಮ್‌ನ ಚೆಕ್‌ಲಿಸ್ಟ್ ಕೂಡ ಹಾಗೆಯೇ. ಗಮನ ಕದಿಯುವುದರಲ್ಲಿ ಹರಟೆಗಿಂತ ಕರ್ತವ್ಯವೇ ಹೆಚ್ಚು ನಿಸ್ಸೀಮ. ಹರಟುವಾಗ ಒಳಗೆಲ್ಲೋ ಒಂದು ಅಳುಕಾದರೂ ಇರುತ್ತದೆ. ಬಲ್ಬು ಬದಲಿಸುವಾಗ ಅದೂ ಇಲ್ಲ.

ಒಬ್ಬರೇ ಹಾರಿಸುವ ಸಣ್ಣ ವಿಮಾನಗಳಲ್ಲಿ ಇದು ದಿನನಿತ್ಯದ ಸಂಗತಿ. ಮೋಡದೊಳಗೆ ಕಂಟ್ರೋಲರ್ ಕೊಟ್ಟ ದಿಕ್ಕಿನಲ್ಲಿ ಹೋಗುತ್ತಿದ್ದೀರಿ, ಆಟೋಪೈಲಟ್ ಆ ದಿಕ್ಕನ್ನಷ್ಟೇ ಹಿಡಿಯುವ ಹೆಡಿಂಗ್ ಮೋಡ್‌ನಲ್ಲಿದೆ, ಲೋಕಲೈಸರ್ ಬಂದಾಗ ಹಿಡಿಯಲಿ ಎಂದು ಅಪ್ರೋಚ್ ಮೋಡ್ ಒತ್ತಬೇಕು. ಅಷ್ಟರಲ್ಲಿ ರನ್‌ವೇ ಬದಲಾಯಿತೆಂದು ರೇಡಿಯೋ ಹೇಳುತ್ತದೆ. ತಲೆ ಬಗ್ಗಿಸಿ ಹೊಸ ಅಪ್ರೋಚ್ ಹುಡುಕಿ, ಲೋಡ್ ಮಾಡಿ, ಆವರ್ತನ ಬದಲಿಸಿ, ಅದರ ಗುರುತು ಕೇಳಿ ಖಚಿತಪಡಿಸಿಕೊಳ್ಳಬೇಕು. ಹಲವು ವಿಮಾನಗಳಲ್ಲಿ ದಾರಿ ತೋರಿಸುವ ಸೂಜಿಗೆ ಸಂಕೇತ ಜಿಪಿಎಸ್‌ನಿಂದ ಬರಬೇಕೋ ಲೋಕಲೈಸರ್‌ನಿಂದ ಬರಬೇಕೋ ಎಂದು ಆರಿಸಲು ಬೇರೆಯೇ ಗುಂಡಿ ಇದೆ. ಅದೊಂದು ಜಿಪಿಎಸ್‌ನಲ್ಲೇ ಉಳಿದರೆ ಮಿಕ್ಕಿದ್ದೆಲ್ಲ ಸರಿಯಿದ್ದೂ ಗ್ಲೈಡ್ ಸ್ಲೋಪ್ ಬರುವುದಿಲ್ಲ. ತಲೆ ಎತ್ತುವಷ್ಟರಲ್ಲಿ ವಿಮಾನ ಲೋಕಲೈಸರ್ ದಾಟಿ ಆಚೆ ಹೋಗುತ್ತಿರುತ್ತದೆ. ಆಟೋಪೈಲಟ್‌ನದು ಏನೂ ತಪ್ಪಿಲ್ಲ, ಹೇಳಿದ ದಿಕ್ಕನ್ನು ನಿಷ್ಠೆಯಿಂದ ಹಿಡಿದುಕೊಂಡಿದೆ.

ಮೋಡ್ ಎಂಬ ಈ ಸಂಗತಿಯೇ ಒಂದು ಬಲೆ. 1992ರ ಜನವರಿ 20ರ ಸಂಜೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಇಳಿಯುತ್ತಿದ್ದ ಏರ್ ಇಂಟರ್‌ನ ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಪೈಲಟ್ 3.3 ಡಿಗ್ರಿ ಇಳಿಜಾರು ಎಂದುಕೊಂಡು ಹಾಕಿದ 33 ಎಂಬ ಅಂಕಿಯನ್ನು ಯಂತ್ರ ನಿಮಿಷಕ್ಕೆ 3300 ಅಡಿ ಎಂದು ತೆಗೆದುಕೊಂಡಿರಬೇಕು ಎಂಬುದು ಅತ್ಯಂತ ಸಂಭವನೀಯ ವಿವರಣೆ. ಅದಕ್ಕೂ ಮೊದಲು, 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಬಿದ್ದ ಇಂಡಿಯನ್ ಏರ್‌ಲೈನ್ಸ್ 605 ಕೂಡ ಎ320. ಅಲ್ಲಿ ಆಟೋಪೈಲಟ್ ತೆಗೆದಾಗಿತ್ತು, ಆದರೆ ಎಂಜಿನ್‌ಗಳು ಐಡಲ್‌ನಲ್ಲೇ (ಅತಿ ಕಡಿಮೆ ಶಕ್ತಿಯಲ್ಲೇ) ಉಳಿಯುವ ಓಪನ್ ಡಿಸೆಂಟ್ ಮೋಡ್ ಚಾಲ್ತಿಯಲ್ಲಿತ್ತು. ಅದನ್ನು ಒಬ್ಬರು ಗಮನಿಸಿ ಬಾಯಿಬಿಟ್ಟು ಹೇಳುವ ಹೊತ್ತಿಗೆ ತಡವಾಗಿತ್ತು. 146 ಜನರಲ್ಲಿ 92 ಮಂದಿ ಸತ್ತರು. ಎರಡೂ ಕಡೆ ಮೋಡ್ ಯಾವುದೆಂದು ಪರದೆಯ ಮೇಲೆ ಬರೆದೇ ಇತ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಬರೀ ಕಣ್ಣು ನೆಟ್ಟು ಕೂತರೆ ಯಂತ್ರವನ್ನು ಕಾಯಲಾಗುವುದಿಲ್ಲ. ಇನ್ನು ಏನಾಗಬೇಕು ಎಂದು ಮೊದಲೇ ನಿರ್ಧರಿಸಿ ಹೇಳಿಟ್ಟಿದ್ದರೆ ಮಾತ್ರ, ಅದು ಆಗಲಿಲ್ಲ ಎನ್ನುವುದು ಕಣ್ಣಿಗೆ ಬೀಳುತ್ತದೆ. ಆಗುತ್ತಿರುವ ತಪ್ಪನ್ನು ಕಾಣುವುದು ಒಂದು ಬಗೆ. ಆಗಬೇಕಾದದ್ದು ಆಗಲಿಲ್ಲ ಎಂದು ಕಾಣುವುದು ಅದಕ್ಕಿಂತ ಬಹಳ ಕಷ್ಟ, ಮತ್ತು ಮೇಲಿನ ಪ್ರಕರಣಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಏರಬೇಕಾದ ಶಕ್ತಿ ಏರಲಿಲ್ಲ. ಹಿಡಿಯಬೇಕಾದ ಲೋಕಲೈಸರ್ ಹಿಡಿಯಲಿಲ್ಲ. ಇಲ್ಲದಿರುವುದಕ್ಕೆ ಬಣ್ಣವೂ ಇಲ್ಲ, ಸದ್ದೂ ಇಲ್ಲ.

ಅದಕ್ಕೇ ಒಳ್ಳೆಯ ಪೈಲಟ್‌ಗಳು ಅಂಕಿಗಳನ್ನು ಮೊದಲೇ ತಲೆಯಲ್ಲಿಟ್ಟುಕೊಂಡಿರುತ್ತಾರೆ. ನಾಲ್ಕು ಮೈಲಿಯಲ್ಲಿ ರನ್‌ವೇಯಿಂದ 1300 ಅಡಿಯ ಆಸುಪಾಸಿನಲ್ಲಿರಬೇಕು. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ಬರುವಷ್ಟೇ ನಿಮಿಷದ ಇಳಿತ ಇರಬೇಕು. ಗೇರ್ ಮತ್ತು ಫ್ಲ್ಯಾಪ್ ಇಳಿದು ಮೂರು ಡಿಗ್ರಿಯಲ್ಲಿ ಬರುವಾಗ ಎಂಜಿನ್ ಶಕ್ತಿ ಇಂತಿಷ್ಟಿರಬೇಕು. ಈ ಕೊನೆಯದು ಬರೀ ಅಂಕಿಗಿಂತ ಹೆಚ್ಚಿನದು. ಅಷ್ಟೊಂದು ತಡೆ ಹೊತ್ತ ವಿಮಾನ ಸ್ಥಿರ ಇಳಿಜಾರಿನಲ್ಲಿ ಐಡಲ್‌ನಲ್ಲಿದೆ ಎಂದರೆ ಕಾರಣ ಗೊತ್ತಾಗದಿದ್ದರೂ ಏನೋ ಕೆಟ್ಟಿದೆ ಎಂದು ಗೊತ್ತಾಗಬೇಕು. ರೇಡಿಯೋ ಆಲ್ಟಿಮೀಟರ್‌ನ ಒಳಗುಟ್ಟು ತಿಳಿದಿರಬೇಕಾಗಿಲ್ಲ. ಮೋಡ್ ಬದಲಾದಾಗಲೆಲ್ಲ ಅದನ್ನು ಓದಿ ಗಟ್ಟಿಯಾಗಿ ಹೇಳುವ ಅಭ್ಯಾಸವೂ ಇದಕ್ಕೇ ಇರುವುದು. ಅದು ಯಾಂತ್ರಿಕವಾದರೆ ಮಾತ್ರ ಪ್ರಯೋಜನವಿಲ್ಲ. ಪರದೆಯಲ್ಲಿ ಬಂದದ್ದನ್ನು ಓದಿ ಒಪ್ಪಿಸುವವನಿಗಿಂತ, ಬರುವ ಮೊದಲೇ ಈಗ ಲೋಕಲೈಸರ್ ಬರಬೇಕು ಎನ್ನುವವನು ಹೆಚ್ಚು ಎಚ್ಚರವಿರುತ್ತಾನೆ.

ಮೋಡದಲ್ಲಿ 1000 ಅಡಿಗೆ ಬರುವಷ್ಟರಲ್ಲಿ ವೇಗ, ಇಳಿತ, ಗೇರ್, ಶಕ್ತಿ ಎಲ್ಲ ಸ್ಥಿರವಾಗಿರಬೇಕು, ಇಲ್ಲದಿದ್ದರೆ ಗೋ-ಅರೌಂಡ್ ಎಂಬ ನಿಯಮವನ್ನು ಬಹಳಷ್ಟು ಕಂಪನಿಗಳು ಇಟ್ಟುಕೊಂಡಿವೆ. ಕೇಳಲು ಸುಲಭ, ಆದರೆ ಇಳಿಯಲು ಹೊರಟ ಮನಸ್ಸು ಇಳಿಯುವುದನ್ನೇ ಬಯಸುತ್ತದೆ. 2010ರ ಮೇ 27ರಂದು ಡಾರ್ವಿನ್‌ನಿಂದ ಸಿಂಗಪುರಕ್ಕೆ ಬಂದ ಜೆಟ್‌ಸ್ಟಾರ್‌ನ ಎ321ರಲ್ಲಿ ಅಪ್ರೋಚ್ ನಡುವೆ ಕ್ಯಾಪ್ಟನ್‌ನ ಮೊಬೈಲ್ ಸದ್ದು ಮಾಡಿತು. ಅದನ್ನು ಆಫ್ ಮಾಡಲು ಅವರು ತಡಕಾಡುತ್ತಿದ್ದರು. ಫಸ್ಟ್ ಆಫೀಸರ್ ಹೇಳಿದ್ದಕ್ಕೆ ಉತ್ತರ ಬರಲಿಲ್ಲ, ಗೇರ್ ಇಳಿಸುವುದು ಇಬ್ಬರಿಗೂ ಮರೆತುಹೋಯಿತು. ಎಚ್ಚರಿಕೆ ಬಡಿದಾಗ ಕ್ಯಾಪ್ಟನ್ ಗೇರ್ ಇಳಿಸಲು ಹೋದರು, ಫಸ್ಟ್ ಆಫೀಸರ್ ಮನಸ್ಸಿನಲ್ಲಿದ್ದುದು ಗೋ-ಅರೌಂಡ್, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತಿಲ್ಲ. 392 ಅಡಿಯವರೆಗೆ ಇಳಿದು ಮೇಲೆದ್ದರು. ಎರಡನೆಯ ಸಲ ಸುರಕ್ಷಿತವಾಗಿ ಇಳಿದರು.

ಇದಕ್ಕೆಲ್ಲ ಮದ್ದು ಆಟೋಪೈಲಟ್ ತೆಗೆದು ಕೈಯಲ್ಲೇ ಹಾರಿಸುವುದು, ಆಗ ಗಮನ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಕೈ ಮರೆಯದಂತೆ ಹಾರಿಸುತ್ತಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮದ್ದು ಅದೇ ಎನ್ನುವುದಕ್ಕೆ 2013ರ ಜುಲೈ 6ರ ಸ್ಯಾನ್ ಫ್ರಾನ್ಸಿಸ್ಕೋ ಅಡ್ಡ ಬರುತ್ತದೆ. ಏಷಿಯಾನಾ 214, ಬೋಯಿಂಗ್ 777, ತಿಳಿಯಾದ ಆಕಾಶ, ರನ್‌ವೇ ಕಣ್ಣೆದುರು. ಗ್ಲೈಡ್ ಸ್ಲೋಪ್ ಸೇವೆಯಲ್ಲಿರಲಿಲ್ಲ, ಆಟೋಪೈಲಟ್ ತೆಗೆದಾಗಿತ್ತು, ಪೈಲಟ್‌ನ ಕೈ ವಿಮಾನ ಹಾರಿಸುವ ಹಿಡಿಕೆಯಾದ ಯೋಕ್ ಮೇಲಿತ್ತು. ಆಟೋಥ್ರಾಟಲ್ ವೇಗ ನೋಡಿಕೊಳ್ಳುತ್ತದೆ ಎಂಬ ಭರವಸೆಯಿತ್ತು, ಆದರೆ ಅದು ಹೋಲ್ಡ್ ಸ್ಥಿತಿಗೆ ಹೋಗಿ ಸುಮ್ಮನಿತ್ತು. 137 ನಾಟ್ ಇರಬೇಕಾದ ವೇಗ 103ಕ್ಕೆ ಇಳಿಯಿತು. ಸಮುದ್ರದ ದಂಡೆಗೆ ಕಟ್ಟಿದ ಗೋಡೆಗೆ ಬಾಲ ಬಡಿದು ಮೂವರು ಸತ್ತರು. ಕೈಗೆ ಕೆಲಸವಿತ್ತು, ವೇಗ ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಒಬ್ಬರೇ ಮೋಡದೊಳಗೆ ಇರುವವರಿಗಂತೂ ಆಟೋಪೈಲಟ್ ತೆಗೆಯಿರಿ ಎಂದು ನಾನು ಹೇಳಲಾರೆ. ಅವರಿಗೆ ಇರುವ ಒಬ್ಬನೇ ಸಹಾಯಕ ಅದು. ಕಂಟ್ರೋಲರ್‌ಗೆ ಈಗ ಆಗುವುದಿಲ್ಲ ಎಂದು ಹೇಳುವ ಹಕ್ಕು ಮಾತ್ರ ಅವರಲ್ಲಿ ಎಲ್ಲರಿಗೂ ಇದೆ. ರನ್‌ವೇ ಬದಲಾಯಿತೆಂದರೆ ಇನ್ನೊಂದು ಸುತ್ತು ಕೊಡಿ, ತಯಾರಾಗಲು ಸಮಯ ಬೇಕು ಎನ್ನಬಹುದು. ಕಂಟ್ರೋಲರ್ ಬೇಸರಪಟ್ಟುಕೊಂಡರೂ ಕೊಡುತ್ತಾರೆ. ಲೋಕಲೈಸರ್ ದಾಟಿಹೋಗಿದ್ದರೆ ಯಾಕೆ ಹಿಡಿಯಲಿಲ್ಲ ಎಂದು ಅಲ್ಲೇ ಗುಂಡಿಗಳನ್ನು ಒತ್ತುತ್ತ ಕೂರುವ ಬದಲು ಮೇಲೇರಬೇಕು. ಯಾವ ಗುಂಡಿ ತಪ್ಪಿತ್ತು ಎಂದು ಹುಡುಕಲು ಅಲ್ಲಿ, ಸುರಕ್ಷಿತ ಎತ್ತರದಲ್ಲಿ, ಬೇಕಾದಷ್ಟು ಹೊತ್ತಿರುತ್ತದೆ.